ಕೈ ಸುಡದಿರಲು ಎಷ್ಟು ಖರ್ಚು?
ಕಾರ್ಬೈನ್ ಬಂದೂಕಿನ ‘ಹ್ಯಾಂಡ್‌ಗಾರ್ಡ್’ ಕಲಿಸುವ ಭೌತವಿಜ್ಞಾನ

ಬಂದೂಕನ್ನು ನೋಡಿದವರ ಕಣ್ಣು ಮೊದಲು ಹೋಗುವುದು ನಳಿಗೆಯ ಕಡೆಗೆ, ಆಮೇಲೆ ಕುದುರೆಯ ಕಡೆಗೆ. ಇವೆರಡರ ನಡುವೆ, ಎಡಗೈ ಆತು ಹಿಡಿಯುವ ಜಾಗದಲ್ಲಿ, ನಳಿಗೆಯನ್ನು ಸುತ್ತುವರಿದ ಮರದ ಅಥವಾ ಪ್ಲಾಸ್ಟಿಕ್ಕಿನ ಒಂದು ಹೊದಿಕೆ ಇರುತ್ತದೆ. ಅದರ ಹೆಸರು ಹ್ಯಾಂಡ್‌ಗಾರ್ಡ್. ಕನ್ನಡದಲ್ಲಿ ಬೇಕಿದ್ದರೆ ‘ಕೈಗಾವಲು’ ಎನ್ನಬಹುದು. ಗುಂಡು ಹಾರುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಅದಿಲ್ಲದಿದ್ದರೆ ಒಂದೆರಡು ನಿಮಿಷದಲ್ಲೇ ಸೈನಿಕ ತನ್ನ ಬಂದೂಕನ್ನು ಕೈಬಿಡಬೇಕಾದೀತು.

ಇಂದಿನ ಹುಡುಗರಿಗೆ ಈ ಹೆಸರು ಅಪರಿಚಿತವೇನಲ್ಲ. ಮೊಬೈಲ್ ಆಟಗಳಲ್ಲಿ ಬಂದೂಕಿಗೆ ಬಗೆಬಗೆಯ ಬಿಡಿಭಾಗಗಳನ್ನು ಜೋಡಿಸುವುದು ಅವರಿಗೆ ಕರತಲಾಮಲಕ. ಅಮೆರಿಕದಲ್ಲಿ ಇದು ಆಟವಲ್ಲ, ದೊಡ್ಡ ವ್ಯಾಪಾರ. ಅಲ್ಲಿನ ಸೇನೆಯ ಎಂ-4 ಕಾರ್ಬೈನ್‌ಗೂ ಅದರ ಬಂಧುವಾದ, ನಾಗರಿಕರು ಕೊಳ್ಳುವ ಎಆರ್-15 ರೈಫಲ್ಲಿಗೂ ಹೊಂದುವ ಹ್ಯಾಂಡ್‌ಗಾರ್ಡ್‌ಗಳು ಸುಮಾರು 30-40 ಡಾಲರಿನಿಂದ ಹಿಡಿದು 300 ಡಾಲರಿನವರೆಗೆ, ಅದಕ್ಕೂ ಮೇಲಿನ ಬೆಲೆಗೂ ಸಿಗುತ್ತವೆ. ಯಾವುದನ್ನು ಕೊಳ್ಳಬೇಕು? ಹೆಚ್ಚು ಬೆಲೆಯದು ಹೆಚ್ಚು ಒಳ್ಳೆಯದೇ? ನಮ್ಮ ದೇಶದಲ್ಲಿ ಇಂಥ ಸೈನಿಕ ಮಾದರಿಯ ಬಂದೂಕನ್ನು ಸಾಮಾನ್ಯ ನಾಗರಿಕರು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ನಮಗೆ ಕೊಳ್ಳುವ ಪ್ರಶ್ನೆಯೇ ಬಾರದು. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಮಾತ್ರ ಪ್ರೌಢಶಾಲೆಯ ವಿಜ್ಞಾನ ಪುಸ್ತಕದ ಮೂಲಕವೇ ಹಾದುಹೋಗುತ್ತದೆ.

ಒಂದು ಮ್ಯಾಗಜೀನ್, 80 ಡಿಗ್ರಿ

ಮೊದಲು ಒಂದು ಲೆಕ್ಕ ಮಾಡೋಣ. ಎಂ-4 ಕಾರ್ಬೈನ್‌ನ ಒಂದು ತೋಟೆಯಲ್ಲಿ ಸುಮಾರು 1.7 ಗ್ರಾಂ ಮದ್ದು ಇರುತ್ತದೆ. ಅದು ಉರಿದಾಗ ಹೊಮ್ಮುವ ಶಕ್ತಿ 6ರಿಂದ 7 ಸಾವಿರ ಜೂಲ್. ಗುಂಡಿನ ತೂಕ 4 ಗ್ರಾಂ, ನಳಿಗೆಯಿಂದ ಹೊರಬೀಳುವ ವೇಗ ಸೆಕೆಂಡಿಗೆ ಸುಮಾರು 900 ಮೀಟರ್. ಚಲನಶಕ್ತಿಯ ಸೂತ್ರದಲ್ಲಿ ಈ ಅಂಕಿಗಳನ್ನಿಟ್ಟರೆ ಬರುವ ಉತ್ತರ ಸುಮಾರು 1,600 ಜೂಲ್. ಅಂದರೆ ಮದ್ದಿನ ಶಕ್ತಿಯಲ್ಲಿ ಗುಂಡಿಗೆ ದಕ್ಕಿದ್ದು ನಾಲ್ಕರಲ್ಲಿ ಒಂದು ಪಾಲು ಮಾತ್ರ! ಉಳಿದದ್ದರಲ್ಲಿ ಬಹುಪಾಲು ಬಿಸಿ ಅನಿಲವಾಗಿ ಮೂತಿಯಿಂದ ಹೊರಹೋಗುತ್ತದೆ. ಇನ್ನೊಂದು ಪಾಲು ನಳಿಗೆಯ ಉಕ್ಕಿನೊಳಗೆ ಸೇರುತ್ತದೆ.

ಹೀಗೆ ನಳಿಗೆಗೆ ಸೇರುವ ಪಾಲು ಗುಂಡೊಂದಕ್ಕೆ 1,000 ಜೂಲ್ ಎಂದು ಇಟ್ಟುಕೊಳ್ಳೋಣ. ಒಂದು ಮ್ಯಾಗಜೀನಿನಲ್ಲಿ 30 ಗುಂಡು. ಒಟ್ಟು 30,000 ಜೂಲ್. ನಳಿಗೆಯ ತೂಕ ಮುಕ್ಕಾಲು ಕಿಲೋ ಎಂದೂ, ಉಕ್ಕಿನ ವಿಶಿಷ್ಟ ಉಷ್ಣ ಕಿಲೋಗ್ರಾಂಗೆ ಡಿಗ್ರಿಯೊಂದಕ್ಕೆ 500 ಜೂಲ್ ಎಂದೂ ಹಿಡಿದು ಭಾಗಿಸಿದರೆ ಉತ್ತರ 80. ಹವೆ 30 ಡಿಗ್ರಿ ಇದ್ದ ದಿನ ಒಂದೇ ಮ್ಯಾಗಜೀನನ್ನು ಬೇಗಬೇಗ ಖಾಲಿ ಮಾಡಿದರೆ ನಳಿಗೆಯ ತಾಪ 110 ಡಿಗ್ರಿಗೆ ಮುಟ್ಟುತ್ತದೆ. ಅದು ಕುದಿಯುವ ನೀರಿಗಿಂತ ಹೆಚ್ಚು. ಎರಡನೆಯ, ಮೂರನೆಯ ಮ್ಯಾಗಜೀನ್ ಮುಗಿಯುವ ಹೊತ್ತಿಗೆ ನಳಿಗೆ ದೋಸೆ ಕಾವಲಿಯಂತೆ ಕಾದಿರುತ್ತದೆ. ಈ ಕಾವಲಿಯಿಂದ ಎರಡು ಬೆರಳಗಲದಷ್ಟು ದೂರವೂ ಇಲ್ಲದ ಕಡೆ ಸೈನಿಕನ ಎಡಗೈ ಇರುತ್ತದೆ.

ಮರದ ಕಾಲ

ಹಳೆಯ ಬಂದೂಕುಗಳಲ್ಲಿ ಈ ತೊಂದರೆ ಇರಲಿಲ್ಲ. 1857ರ ದಂಗೆಯ ಸಂದರ್ಭದಲ್ಲಿ ಹೆಸರಾದ ಎನ್‌ಫೀಲ್ಡ್ ಬಂದೂಕನ್ನು ನೆನಪಿಸಿಕೊಳ್ಳಿ. ಮೂತಿಯಿಂದ ಮದ್ದು ಸುರಿದು, ಗುಂಡು ತುರುಕಿ, ಗಜದಿಂದ ಜಡಿದು ಹೊಡೆಯಬೇಕಾಗಿದ್ದ ಅದರಿಂದ ನಿಮಿಷಕ್ಕೆ ಸುಮಾರು ಮೂರು ಗುಂಡು ಹಾರಿಸಿದರೆ ಹೆಚ್ಚು. ಅಷ್ಟರಲ್ಲಿ ನಳಿಗೆ ತಣಿಯಲು ಪುರುಸೊತ್ತು ಸಿಗುತ್ತಿತ್ತು. ಅದಕ್ಕೇ ಅದರ ನಳಿಗೆಯ ಕೆಳಗೆ ಹಿಡಿಯಲು ಮರವಿತ್ತು, ಮೇಲುಭಾಗ ಬರಿದಾಗಿತ್ತು. ಕೈಲ್‌ಮುಹೂರ್ತದಂದು ಕೊಡಗಿನ ಮನೆಗಳಲ್ಲಿ ಪೂಜೆಗೊಳ್ಳುವ ಜೋಡುನಳಿಗೆ ಕೋವಿಯನ್ನು ನೋಡಿದರೂ ಇದೇ ಕಾಣುತ್ತದೆ: ಕೆಳಗೊಂದು ಮರದ ಹಿಡಿ, ಮೇಲೆ ಏನೂ ಇಲ್ಲ. ಎರಡು ಗುಂಡು ಹೊಡೆದ ಮೇಲೆ ಮುರಿದು ತೋಟೆ ತುಂಬಬೇಕಾದ ಕೋವಿಗೆ ಅಷ್ಟು ಸಾಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು, ಮ್ಯಾಗಜೀನ್ ಇರುವ ರೈಫಲ್ಲು ಬಂದವು. ನುರಿತ ಸೈನಿಕ ನಿಮಿಷಕ್ಕೆ 15 ಗುಂಡುಗಳನ್ನು ಗುರಿಯಿಟ್ಟು ಹೊಡೆಯುವ ಕಾಲ ಬಂತು. ಆಗ ನಳಿಗೆಯ ಮೇಲೂ ಮರದ ಹೊದಿಕೆ ಬೇಕಾಯಿತು. ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲ ಕಂಡ, ಬಂಗಾಳದ ಇಛಾಪುರದ ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದ .303 ರೈಫಲ್ಲಿನ ನಳಿಗೆ ಮೂತಿಯವರೆಗೂ ಮರದೊಳಗೆ ಅಡಗಿರುವುದಕ್ಕೆ ಕಾರಣ ಅಂದವಲ್ಲ, ಉಷ್ಣ.

ಮರ ಒಳ್ಳೆಯ ಅವಾಹಕ. ಆದರೆ ಅದಕ್ಕೆ ತನ್ನದೇ ದೋಷಗಳಿವೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಸೊಟ್ಟಗಾಗುತ್ತದೆ, ಬಿದ್ದರೆ ಸೀಳುತ್ತದೆ. ಹೀಗಾಗಿ 1950ರ ದಶಕದಲ್ಲಿ ಅಮೆರಿಕದ ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ಹೊಸ ರೈಫಲ್ಲನ್ನು ರೂಪಿಸಿದಾಗ ಮರವನ್ನು ಪೂರ್ತಿ ಬಿಟ್ಟು ಅಲ್ಯೂಮಿನಿಯಂ ಮತ್ತು ನಾರುಗಾಜು ಬೆರೆತ ಪ್ಲಾಸ್ಟಿಕ್ಕನ್ನು ಆರಿಸಿಕೊಂಡರು. ನಮ್ಮ ಪ್ರೆಷರ್ ಕುಕ್ಕರಿನ ಕಪ್ಪು ಹಿಡಿ ಬೇಕಲೈಟಿನದಲ್ಲವೆ? ಕಾಯಿಸಿದರೂ ಕರಗದ ಅದೇ ಜಾತಿಯ ಪ್ಲಾಸ್ಟಿಕ್ಕಿಗೆ ಯುದ್ಧಭೂಮಿಯಲ್ಲೂ ಕೆಲಸ ಸಿಕ್ಕಿತು. ಸ್ಟೋನರ್ ಅವರ ಈ ವಿನ್ಯಾಸವೇ ಮುಂದೆ ಎಂ-16 ರೈಫಲ್ ಆಯಿತು. ಅದರ ಗಿಡ್ಡ ನಳಿಗೆಯ ರೂಪವೇ 1994ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಎಂ-4 ಕಾರ್ಬೈನ್.

ಎಡ-ಬಲ ಹೋಗಿ ಮೇಲೆ-ಕೆಳಗೆ ಬಂತು

ಅಗ್ಗವೂ ಉಪಯುಕ್ತವೂ ಆದ ಆಯ್ಕೆ ಎಂದರೇನು ಎಂಬುದಕ್ಕೆ ಈ ಎಂ-16 ರೈಫಲ್ಲೇ ಒಂದು ಸೊಗಸಾದ ಉದಾಹರಣೆ. ವಿಯೆಟ್ನಾಂ ಯುದ್ಧದ ಕಾಲದ ಎಂ-16ರ ಹ್ಯಾಂಡ್‌ಗಾರ್ಡ್ ಮುಂದಿನಿಂದ ನೋಡಿದರೆ ತ್ರಿಕೋನಾಕಾರವಾಗಿ ಕಾಣುತ್ತಿತ್ತು. ಅದರಲ್ಲಿ ಎರಡು ಹೋಳು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಚಪ್ಪಲಿಯ ಜೋಡಿಯಂತೆ ಎಡದ್ದು ಬಲಕ್ಕೆ ಆಗದು, ಬಲದ್ದು ಎಡಕ್ಕೆ ಆಗದು. ಎಡದ ಹೋಳು ಒಡೆದರೆ ಎಡದ್ದನ್ನೇ ಹುಡುಕಬೇಕು. ಉಗ್ರಾಣದಲ್ಲಿ ಬಲದ ಹೋಳುಗಳು ರಾಶಿ ಬಿದ್ದಿದ್ದರೂ ಪ್ರಯೋಜನವಿಲ್ಲ.

1980ರ ದಶಕದಲ್ಲಿ ಎಂ-16ಎ2 ಎಂಬ ಸುಧಾರಿತ ರೂಪ ಬಂದಾಗ ಎಂಜಿನಿಯರುಗಳು ದುಬಾರಿ ಲೋಹವನ್ನೇನೂ ತರಲಿಲ್ಲ. ಆಕಾರವನ್ನು ಬದಲಿಸಿದರು, ಅಷ್ಟೆ. ಹ್ಯಾಂಡ್‌ಗಾರ್ಡನ್ನು ದುಂಡಗೆ ಮಾಡಿ, ಮೇಲೊಂದು ಕೆಳಗೊಂದು ಹೋಳು ಇಟ್ಟರು. ಎರಡೂ ಹೋಳು ತದ್ರೂಪಿ. ಯಾವುದನ್ನು ಎಲ್ಲಿಗೆ ಬೇಕಾದರೂ ಹಾಕಬಹುದು. ದುಂಡಗಿನ ಹಿಡಿ ಚಿಕ್ಕ ಕೈಯವರಿಗೂ ಹಿಡಿಯಲು ಸಲೀಸು. ಮೇಲ್ಮೈಗೆ ಏಣು ಕೊಟ್ಟದ್ದರಿಂದ ಬೆವರಿದ ಕೈ ಜಾರುವುದಿಲ್ಲ. ಎರಡು ಅಚ್ಚುಗಳ ಬದಲು ಒಂದೇ ಅಚ್ಚು, ಎರಡು ದಾಸ್ತಾನುಗಳ ಬದಲು ಒಂದೇ ದಾಸ್ತಾನು.

ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ಹಾಕಬಹುದು. ಪೆಟ್ಟಿಗೆಯಲ್ಲಿ 10 ಎಡ, 10 ಬಲ ಹೋಳುಗಳಿವೆ. ದುರದೃಷ್ಟಕ್ಕೆ ಎಡದ್ದೇ ಒಡೆಯುತ್ತ ಹೋದರೆ ಹನ್ನೊಂದನೆಯ ಸೈನಿಕನಿಗೆ ಕೊಡಲು ಏನೂ ಇಲ್ಲ. ತದ್ರೂಪಿ ಹೋಳುಗಳಾದರೆ ಇಪ್ಪತ್ತನೆಯವನಿಗೂ ಸಿಗುತ್ತದೆ. ಖರ್ಚು ಹೆಚ್ಚಲಿಲ್ಲ, ಉಪಯೋಗ ಹೆಚ್ಚಿತು. ಇದಕ್ಕೇ ಎಂಜಿನಿಯರಿಂಗ್ ಎನ್ನುವುದು.

ಮೂರು ದಾರಿಗೂ ತಡೆ

ಉಷ್ಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ದಾರಿಗಳು ಮೂರು: ವಹನ, ಸಂವಹನ, ವಿಕಿರಣ. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಮೂರನ್ನೂ ಒಂದು ಸಾದಾ ಪ್ಲಾಸ್ಟಿಕ್ ಹ್ಯಾಂಡ್‌ಗಾರ್ಡಿನಲ್ಲಿ ಬೆರಳಿಟ್ಟು ತೋರಿಸಬಹುದು.

ವಹನದಲ್ಲಿ ಉಷ್ಣ ವಸ್ತುವಿನ ಮೂಲಕವೇ ಸಾಗುತ್ತದೆ. ಅಲ್ಯೂಮಿನಿಯಂನ ಉಷ್ಣವಾಹಕತೆ ಸುಮಾರು 200 ಇದ್ದರೆ ಉಕ್ಕಿನದು 45ರ ಆಸುಪಾಸು, ಪ್ಲಾಸ್ಟಿಕ್ಕಿನದು ಸುಮಾರು 0.25, ಮರದ್ದು 0.15. ನಿಂತ ಗಾಳಿಯದು ಕೇವಲ 0.026. ಅಂದರೆ ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಉಷ್ಣವನ್ನು ಸಾಗಿಸುತ್ತದೆ. ಗಾಳಿ ಮರಕ್ಕಿಂತಲೂ ಉತ್ತಮ ಅವಾಹಕ. ಹಾಗಾಗಿ ಹ್ಯಾಂಡ್‌ಗಾರ್ಡ್ ಯಾವುದರದೇ ಆಗಿರಲಿ, ಅದಕ್ಕೂ ನಳಿಗೆಗೂ ನಡುವೆ ಇರುವ ಗಾಳಿಯ ಸಂದೇ ಮೊದಲ ಕಾವಲುಗಾರ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಎರಡನೆಯದು ಸಂವಹನ. ಹ್ಯಾಂಡ್‌ಗಾರ್ಡಿನ ಮೇಲೂ ಕೆಳಗೂ ಸಾಲಾಗಿ ತೂತುಗಳಿರುತ್ತವೆ. ಬಿಸಿಯಾದ ಗಾಳಿ ಹಗುರವಾಗಿ ಮೇಲಿನ ತೂತಿನಿಂದ ಹೊರಡುತ್ತದೆ, ಕೆಳಗಿನ ತೂತಿನಿಂದ ತಂಪು ಗಾಳಿ ಒಳಬರುತ್ತದೆ. ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ಹೊಗೆ ಹೋಗಲು ಬಿಟ್ಟ ಗವಾಕ್ಷಿಯ ತತ್ವವೇ ಇಲ್ಲೂ ಇದೆ.

ಮೂರನೆಯದು ವಿಕಿರಣ. ಕಾದ ನಳಿಗೆಯಿಂದ ಹೊಮ್ಮುವ ಅವಕೆಂಪು ಕಿರಣಗಳು ಗಾಳಿಯನ್ನು ದಾಟಿ ನೇರವಾಗಿ ಪ್ಲಾಸ್ಟಿಕ್ಕಿಗೆ ತಗಲುತ್ತವೆ. ಅದನ್ನು ತಡೆಯಲು ಹ್ಯಾಂಡ್‌ಗಾರ್ಡಿನ ಒಳಮೈಗೆ ತೆಳುವಾದ, ಹೊಳೆಯುವ ಅಲ್ಯೂಮಿನಿಯಂ ತಗಡನ್ನು ಹಾಕಿರುತ್ತಾರೆ. ಹೊಳಪಿನ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಉಷ್ಣಕಿರಣಗಳಲ್ಲಿ ಹತ್ತರಲ್ಲೊಂದು ಪಾಲನ್ನೂ ಹೀರಿಕೊಳ್ಳದೆ ಉಳಿದದ್ದನ್ನು ಹಿಂದಕ್ಕೆ ಅಟ್ಟುತ್ತದೆ. ಥರ್ಮಾಸ್ ಫ್ಲಾಸ್ಕಿನ ಗಾಜಿಗೆ ಬೆಳ್ಳಿಯ ಬಣ್ಣ ಇರುವುದೂ ಈ ಕಾರಣಕ್ಕೇ. ಎಂ-4ರ ನಳಿಗೆ ಗಿಡ್ಡ, 36.8 ಸೆಂಟಿಮೀಟರ್ ಮಾತ್ರ. ಹ್ಯಾಂಡ್‌ಗಾರ್ಡೂ ಗಿಡ್ಡ. ಮದ್ದಿನ ಅನಿಲವನ್ನು ಹಿಂದಕ್ಕೆ ಕಳಿಸುವ ರಂಧ್ರವೂ ಕೈಗೆ ಹತ್ತಿರ. ಆದ್ದರಿಂದ ಅದರ ಸಾದಾ ಹ್ಯಾಂಡ್‌ಗಾರ್ಡಿನಲ್ಲಿ ಈ ತಗಡನ್ನು ಒಂದರ ಬದಲು ಎರಡು ಪದರ ಹಾಕಿದರು.

ಒಂದು ಸ್ವಾರಸ್ಯ ಗಮನಿಸಿ. ಇಲ್ಲಿ ಅಲ್ಯೂಮಿನಿಯಂ ಒಳಗಿದ್ದಾಗ ಮಿತ್ರ, ಹೊರಗಿದ್ದಾಗ ಶತ್ರು. ಒಳಗಿನ ತಗಡು ಕಿರಣವನ್ನು ಹಿಂದಕ್ಕಟ್ಟುತ್ತದೆ. ಅದೇ ಲೋಹವನ್ನು ಕೈ ಹಿಡಿಯುವ ಹೊರಮೈಯಾಗಿ ಮಾಡಿದರೆ ಬಿಸಿಯನ್ನು ಬೆರಳಿಗೆ ತಂದು ಮುಟ್ಟಿಸುತ್ತದೆ. ದುಬಾರಿ ಅಲ್ಯೂಮಿನಿಯಂ ಹ್ಯಾಂಡ್‌ಗಾರ್ಡ್ ಇದ್ದವರು ಕೈಗವಸು ತೊಡುವುದನ್ನು ನೋಡಿದರೆ ಇದು ಅರ್ಥವಾಗುತ್ತದೆ.

ಹಾಗಾದರೆ ಹೆಚ್ಚು ಹಣ ಏಕೆ?

ಲೋಹದ ಹ್ಯಾಂಡ್‌ಗಾರ್ಡಿಗೆ ಜನ ಹೆಚ್ಚು ಹಣ ಕೊಡುವುದು ಮೂರ್ಖತನವೇ? ಅಲ್ಲ. ಅವರ ಅಗತ್ಯ ಬೇರೆ.

ಉಕ್ಕಿನ ಸ್ಕೇಲೊಂದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ತುದಿಯನ್ನು ಮೀಟಿ. ಅದು ಕಂಪಿಸುತ್ತದೆ. ನಡುವೆ ಬೆರಳು ತಾಗಿಸಿದರೆ ಕಂಪನ ಬದಲಾಗುತ್ತದೆ. ರೈಫಲ್ಲಿನ ನಳಿಗೆಯೂ ಹೀಗೆಯೇ. ಒಂದು ತುದಿ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ. ಗುಂಡು ಹೊರಡುವಾಗ ಇನ್ನೊಂದು ತುದಿ ಕಂಪಿಸುತ್ತದೆ. ಸಾದಾ ಹ್ಯಾಂಡ್‌ಗಾರ್ಡಿನ ಮುಂತುದಿ ನಳಿಗೆಗೆ ಆತುಕೊಂಡಿರುವುದರಿಂದ ಕೈಯ ಒತ್ತಡ, ಹೆಗಲಪಟ್ಟಿಯ ಎಳೆತ ನಳಿಗೆಯನ್ನು ಕೂದಲೆಳೆಯಷ್ಟು ಬಾಗಿಸುತ್ತದೆ. ಮೂತಿಯ ದಿಕ್ಕು ಒಂದು ರೇಡಿಯನ್ನಿನ ಸಾವಿರದಲ್ಲೊಂದು ಭಾಗ ತಪ್ಪಿದರೆ 100 ಮೀಟರಿನಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. 300 ಮೀಟರಿನಲ್ಲಿ 30 ಸೆಂಟಿಮೀಟರ್.

ಇದನ್ನು ತಪ್ಪಿಸಲು ನಳಿಗೆಯನ್ನು ಎಲ್ಲೂ ಮುಟ್ಟದೆ, ಹಿಂತುದಿಯಲ್ಲಿ ಮಾತ್ರ ಬಿಗಿದುಕೊಂಡು ಮುಂದಕ್ಕೆ ಚಾಚುವ ಹ್ಯಾಂಡ್‌ಗಾರ್ಡ್ ಬೇಕು. ಇದಕ್ಕೆ ‘ಫ್ರೀ ಫ್ಲೋಟ್’ ಎಂದು ಹೆಸರು. ಹೀಗೆ ಒಂದೇ ಕಡೆ ಆಧಾರವಿರುವ ಉದ್ದನೆಯ ಕೊಳವೆ ಬಾಗದಂತಿರಬೇಕಾದರೆ ಅಲ್ಯೂಮಿನಿಯಂನಂಥ ಗಡುಸು ವಸ್ತುವೇ ಆಗಬೇಕು. ಬೆಲೆ ಏರುವುದು ಅಲ್ಲಿ.

ಯಾರಿಗೆ ಇದು ಬೇಕು? 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. ಅಲ್ಲಿ ನಳಿಗೆಗೆ ತಾಗುವ ಒಂದು ಬೆರಳೂ ಪದಕ ಕಸಿಯಬಲ್ಲದು. ಆದರೆ ನಿಧಾನವಾಗಿ ಒಂದೊಂದೇ ಗುಂಡು ಹಾರಿಸುವ ಅವರಿಗೆ ಉಷ್ಣದ ಚಿಂತೆ ಇಲ್ಲ. ನಮ್ಮ ಎನ್‌ಸಿಸಿ ಕೆಡೆಟ್‌ಗಳು ಅಭ್ಯಾಸ ಮಾಡುವ .22 ರೈಫಲ್ಲಿಗೂ ಇದೇ ಮಾತು. ಸೈನಿಕನದು ಇದಕ್ಕೆ ತಿರುಗುಮುರುಗು. ಅವನಿಗೆ ಉಷ್ಣವೇ ದೊಡ್ಡ ಚಿಂತೆ. ಒಂದೆರಡು ಸೆಂಟಿಮೀಟರ್ ಆಮೇಲಿನ ಮಾತು.

ಹಳಿಗಳ ಭಾರ

ಸೈನಿಕ ರೈಫಲ್ಲಿಗೆ ಟಾರ್ಚು, ಲೇಸರು ಮುಂತಾದವನ್ನು ಸಿಕ್ಕಿಸುವ ಅಗತ್ಯ ಬಂದಾಗ ಹ್ಯಾಂಡ್‌ಗಾರ್ಡಿನ ನಾಲ್ಕೂ ಮಗ್ಗುಲಿಗೆ ಹಲ್ಲುಹಲ್ಲಾದ ಲೋಹದ ಹಳಿಗಳು ಬಂದವು. ನ್ಯೂಜೆರ್ಸಿಯ ಪಿಕಟಿನಿ ಶಸ್ತ್ರಾಗಾರದ ಹೆಸರು ಹೊತ್ತ ಈ ಹಳಿಯ ಅಳತೆಗಳನ್ನು 1995ರಲ್ಲಿ ನಿಗದಿ ಮಾಡಲಾಯಿತು. ಅನುಕೂಲವೇನೋ ಆಯಿತು. ಆದರೆ ಹಲ್ಲುಗಳು ಅಂಗೈಗೆ ಒತ್ತುತ್ತಿದ್ದವು. ಅದಕ್ಕೆ ಮೇಲೆ ರಬ್ಬರಿನ ಹೊದಿಕೆ ಬೇಕಾಯಿತು. ತೂಕವೂ ಏರಿತು.

ಈ ತೂಕ ಕೂರುವುದು ಬಂದೂಕಿನ ಮುಂಭಾಗದಲ್ಲಿ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ಒಂದು ಮೈಲಿ ನಡೆಯಬಹುದು. ಕೈ ಮುಂದಕ್ಕೆ ಚಾಚಿ ಒಂದು ತಂಬಿಗೆ ನೀರನ್ನು ಎರಡು ನಿಮಿಷ ಹಿಡಿಯಲಾಗದು. ಸನ್ನೆಯ ನಿಯಮ ಅದು. ಹೆಗಲಿನಿಂದ ಅರ್ಧ ಮೀಟರ್ ಮುಂದೆ ಕೂತ 250 ಗ್ರಾಂ, ಹೆಗಲ ಬಳಿ ಕೂತ ಒಂದು ಕಿಲೋಗಿಂತ ಹೆಚ್ಚು ಕಾಡುತ್ತದೆ.

ಆದ್ದರಿಂದ 2010ರ ದಶಕದಲ್ಲಿ ಹೊಸ ವಿಚಾರ ಬಂತು. ಉದ್ದಕ್ಕೂ ಹಳಿ ಏಕೆ? ಹ್ಯಾಂಡ್‌ಗಾರ್ಡನ್ನು ನುಣುಪಾಗಿಟ್ಟು ಬರಿಯ ಸೀಳುಗಂಡಿಗಳನ್ನು ಬಿಡೋಣ, ಬೇಕಾದಲ್ಲಿ ಮಾತ್ರ ಗಿಡ್ಡ ಹಳಿಯ ತುಂಡನ್ನು ತಿರುಪಿನಿಂದ ಕೂರಿಸೋಣ. 2014ರಲ್ಲಿ ಮ್ಯಾಗ್‌ಪುಲ್ ಕಂಪನಿ ಹೊರತಂದ ಎಂ-ಲಾಕ್ ಇಂಥದ್ದು. ಅಮೆರಿಕದ ವಿಶೇಷ ಪಡೆಗಳು ಇದನ್ನೇ ಆರಿಸಿಕೊಂಡವು.

ಹ್ಯಾಂಡ್‌ಗಾರ್ಡಿನ ಮಿತಿ

2008ರ ಜುಲೈ 13ರಂದು ಅಫ್ಘಾನಿಸ್ತಾನದ ವನತ್ ಎಂಬಲ್ಲಿ ಅಮೆರಿಕದ ಚಿಕ್ಕ ಠಾಣೆಯೊಂದರ ಮೇಲೆ ದೊಡ್ಡ ದಾಳಿ ನಡೆಯಿತು. ಒಂಬತ್ತು ಅಮೆರಿಕನ್ ಸೈನಿಕರು ಸತ್ತರು. ಎಡೆಬಿಡದೆ ಗುಂಡು ಹಾರಿಸಿದ ಕೆಲವರ ಎಂ-4 ಕಾರ್ಬೈನ್‌ಗಳು ಕಾದು ಕೆಲಸ ನಿಲ್ಲಿಸಿದವೆಂದು ಬದುಕುಳಿದವರು ಹೇಳಿದರು. ಈ ಕಾರ್ಬೈನ್ ಬಹಳ ಹೊತ್ತು ತಾಳಿಕೊಳ್ಳಬಲ್ಲದ್ದು ನಿಮಿಷಕ್ಕೆ 12ರಿಂದ 15 ಗುಂಡುಗಳನ್ನಷ್ಟೆ. ಅದನ್ನು ಮೀರಿ ನಳಿಗೆ ವಿಪರೀತ ಕಾದರೆ, ಒಳಗಿನ ತೋಟೆ ಕುದುರೆ ಎಳೆಯದೆ ತಾನಾಗಿ ಸಿಡಿಯುವ ಅಪಾಯವೂ ಇದೆ.

ಯಾವ ಬೆಲೆಯ ಹ್ಯಾಂಡ್‌ಗಾರ್ಡೂ ಇದಕ್ಕೆ ಪರಿಹಾರವಲ್ಲ. ಅದು ಕೈಯನ್ನು ಕಾಯುತ್ತದೆ, ನಳಿಗೆಯನ್ನು ತಣಿಸುವುದಿಲ್ಲ. 2010ರ ನಂತರ ಅಮೆರಿಕದ ಸೇನೆ ತನ್ನ ಕಾರ್ಬೈನ್‌ಗಳನ್ನು ಎಂ-4ಎ1 ಮಾದರಿಗೆ ಬದಲಿಸುವಾಗ ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು ದಪ್ಪ ನಳಿಗೆಯನ್ನು ಹಾಕಿದ್ದು. ನಾವು ಮೇಲೆ ಮಾಡಿದ ಲೆಕ್ಕಕ್ಕೆ ಹಿಂತಿರುಗಿ: ಛೇದದಲ್ಲಿರುವ ತೂಕ ಹೆಚ್ಚಿದರೆ ತಾಪದ ಏರಿಕೆ ಕಡಿಮೆ. ತೊಂದರೆಯ ಮೂಲ ನಳಿಗೆಯಲ್ಲಿದ್ದಾಗ ಮದ್ದೂ ನಳಿಗೆಗೇ ಆಗಬೇಕು.

ಆರಿಸುವ ಕ್ರಮ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಎಂ-4 ಅಥವಾ ಎಆರ್-15 ಮಾದರಿಗೆ ಹ್ಯಾಂಡ್‌ಗಾರ್ಡ್ ಆರಿಸುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇಷ್ಟು:

1. ಅಳತೆ ಸರಿಯಿದೆಯೆ? ಕಾರ್ಬೈನ್ ಅಳತೆಯ ಸಾದಾ ಹ್ಯಾಂಡ್‌ಗಾರ್ಡ್ ಸುಮಾರು 17-18 ಸೆಂಟಿಮೀಟರ್, ಪೂರ್ಣ ರೈಫಲ್ಲಿನದು ಸುಮಾರು 30. ಒಂದು ಇನ್ನೊಂದಕ್ಕೆ ಆಗದು.

2. ಕೂರಿಸುವವರು ಯಾರು? ಸಾದಾ ಪ್ಲಾಸ್ಟಿಕ್ಕಿನದಾದರೆ ಸ್ಪ್ರಿಂಗಿನ ಬಳೆಯೊಂದನ್ನು ಹಿಂದಕ್ಕೆ ಒತ್ತಿ ಹೋಳುಗಳನ್ನು ತೆಗೆದು ಹಾಕಬಹುದು, ಉಪಕರಣ ಬೇಡ. ಫ್ರೀ ಫ್ಲೋಟ್ ಆದರೆ ಸಾಮಾನ್ಯವಾಗಿ ನಳಿಗೆಯನ್ನು ಬಿಗಿದ ನಟ್ಟನ್ನೇ ಬಿಚ್ಚಿ, ಅಳತೆಯ ಬಲದಿಂದ ಮತ್ತೆ ಬಿಗಿಯಬೇಕು. ಅದು ನುರಿತ ಕುಶಲಕರ್ಮಿಯ ಕೆಲಸ. ಆ ಕೂಲಿಯನ್ನೂ ಬೆಲೆಗೆ ಸೇರಿಸಬೇಕು.

3. ಒಳಗೆ ಉಷ್ಣ ತಡೆಯುವ ತಗಡು, ಮೇಲೆ ಕೆಳಗೆ ಗಾಳಿಯ ದಾರಿ ಇವೆಯೆ?

4. ಏನನ್ನು ಸಿಕ್ಕಿಸಬೇಕು? ಒಂದು ಟಾರ್ಚಿಗೆ ಒಂದು ಗಿಡ್ಡ ಹಳಿ ಸಾಕು.

5. ತೂಕ ಎಷ್ಟು? ಮುಂದೆ ಸೇರುವ ಒಂದೊಂದು ಗ್ರಾಮಿಗೂ ತೋಳು ಬಡ್ಡಿ ಕಟ್ಟುತ್ತದೆ.

ಈ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಂಡವನಿಗೆ ಹೆಚ್ಚಿನ ಸಂದರ್ಭಗಳಲ್ಲಿ 30-40 ಡಾಲರಿನ, ಒಳಗೆ ತಗಡಿರುವ ಗಟ್ಟಿ ಪ್ಲಾಸ್ಟಿಕ್ ಹೊದಿಕೆಯೇ ಸಾಕೆನಿಸುತ್ತದೆ. ಸೂಕ್ಷ್ಮ ಗುರಿಯೇ ಮುಖ್ಯವಾದವನು ಮಾತ್ರ ಫ್ರೀ ಫ್ಲೋಟಿಗೆ ಹಣ ಹಾಕಬೇಕು. ಹೊಳಪಿಗೆ, ಹೆಸರಿಗೆ ಮರುಳಾಗಿ ಕೊಂಡವನು ಭಾರವಾದ, ಬಿಸಿಯಾದ ಬಂದೂಕನ್ನು ಹೊರಬೇಕಾಗುತ್ತದೆ.

ಮನೆಯಲ್ಲೇ ಒಂದು ಪ್ರಯೋಗ

ಬಂದೂಕಿಲ್ಲದೆಯೂ ಇದನ್ನೆಲ್ಲ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಸ್ಟೀಲ್ ಲೋಟ ತೆಗೆದುಕೊಳ್ಳಿ. ಮೊದಲನೆಯದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ರಟ್ಟನ್ನು ಮೈಗೆ ಅಂಟುವಂತೆ ಸುತ್ತಿ. ಮೂರನೆಯದರ ಮೈಗೆ ನಾಲ್ಕು ಬೆಂಕಿಕಡ್ಡಿಗಳನ್ನು ನಿಲ್ಲಿಸಿ ಅಂಟಿಸಿ, ಅದರ ಮೇಲೆ ಒಳಮೈಗೆ ಬೆಳ್ಳಿ ಕಾಗದ ಹಚ್ಚಿದ ರಟ್ಟನ್ನು ಸುತ್ತಿ. ನಡುವೆ ಗಾಳಿಯ ಸಂದು ಉಳಿಯಲಿ. ದೊಡ್ಡವರಿಂದ ಬಿಸಿನೀರು ಹುಯ್ಯಿಸಿ ಎರಡು ನಿಮಿಷ ಬಿಟ್ಟು ಹೊರಮೈಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಹೋಲಿಕೆಯನ್ನು ಬರೆದಿಡಿ. ಯಾವ ಲೋಟವನ್ನು ಆರಾಮವಾಗಿ ಹಿಡಿಯಬಹುದು, ಏಕೆ ಎಂಬುದನ್ನು ವಹನ, ಸಂವಹನ, ವಿಕಿರಣ ಎಂಬ ಮೂರು ಮಾತುಗಳಲ್ಲೇ ವಿವರಿಸಲು ಪ್ರಯತ್ನಿಸಿ.

ಪಾಲಕರಿಗೊಂದು ಮಾತು. ಮಗ ಅಥವಾ ಮಗಳು ಆಟದ ಪರದೆಯಲ್ಲಿ ಬಂದೂಕಿನ ಬಿಡಿಭಾಗ ಆರಿಸುತ್ತಿದ್ದರೆ ಗದರಿಸುವ ಮುನ್ನ ‘ಅದು ಯಾಕೆ ಬೇಕು, ಏನು ಕೆಲಸ ಮಾಡುತ್ತದೆ?’ ಎಂದು ಕೇಳಿ. ನಿಜವಾದ ಬಂದೂಕು ಆಟಿಕೆಯಲ್ಲ, ಅದರ ಹಿಂದೆ ಕಾನೂನೂ ಜೀವವೂ ಇವೆ ಎಂಬುದನ್ನೂ ಹೇಳಿ. ಸೈಕಲ್ಲಿರಲಿ, ಕುಕ್ಕರಿರಲಿ, ಕಂಪ್ಯೂಟರಿರಲಿ, ಅಂಗಡಿಯವನು ಗುಣಗಳ ಪಟ್ಟಿ ಓದತೊಡಗಿದಾಗ ‘ನನಗೆ ಬೇಕಾದ ಕೆಲಸ ಯಾವುದು?’ ಎಂದು ಮೊದಲು ಕೇಳಿಕೊಳ್ಳಲು ಕಲಿತ ಮಗು ಮುಂದೆ ಹಣವನ್ನೂ ಉಳಿಸುತ್ತದೆ, ಕೈಯನ್ನೂ ಸುಟ್ಟುಕೊಳ್ಳುವುದಿಲ್ಲ.